ಎಲ್ ಸಲ್ಮಾ ಬಾವಿಯ ಸರದಿ

ಪೂಜ್ಯ ಶೇಖ್ ಇದ್ರೀಸರು ವಾಸವಾಗಿದ್ದ ಗುಡಿಸಲಿಗೆ ಬಾಗಿಲಿರಲಿಲ್ಲ. ಒಳಗೆ ಒಂದು ಚಾಪೆ, ಒಂದು ಮಣ್ಣಿನ ಹೂಜಿ, ಗೋಡೆಗೆ ಒರಗಿಸಿಟ್ಟ ಮಕ್ಕಳ ಓದುಹಲಗೆಗಳು. ಅವರ ಆಸ್ತಿಯೆಂದರೆ ಅಷ್ಟೇ. ಸೊಮಾಲಿಯಾದ ಒಣಸೀಮೆಯಲ್ಲಿ ಎಲ್ ಸಲ್ಮಾ ಎಂಬುದೊಂದು ಹಳೆಯ ಬಾವಿ. ಒಂಟೆ ಕಾಯುವ ಜನ ಆ ಬಾವಿಯನ್ನು ನಂಬಿ ಬದುಕಿದ್ದರು. ಶೇಖ್ ಸಾಹೇಬರು ಬಾವಿಯ ಪಕ್ಕದ ಜಾಲಿಮರದ ನೆರಳನ್ನು ನಂಬಿ ಬದುಕಿದ್ದರು. ಮಕ್ಕಳಿಗೆ ಪವಿತ್ರ ಗ್ರಂಥ ಓದಿಸುವುದು, ಕಾಯಿಲೆಯವರಿಗಾಗಿ ದುವಾ ಮಾಡುವುದು, ಉಳಿದ ಹೊತ್ತಿನಲ್ಲಿ ಬಾವಿಯಿಂದ ನೀರು ಸೇದುವ ತೊಗಲಿನ ಬಾನಿಗಳನ್ನು ಹೊಲಿದುಕೊಡುವುದು ಅವರ ದಿನಚರಿ. “ಬಾನಿ ಸೋರಿದರೆ ಕೈಕಾಲು ತೊಳೆಯಲು ನೀರಿಲ್ಲ, ಆಮೇಲೆ ನಮಾಜು ಎಲ್ಲಿಂದ ಬಂತು?” ಎಂದು ನಗುತ್ತಿದ್ದರಂತೆ.

ಆ ನಾಡಿನಲ್ಲಿ ಇಬ್ಬರು ಅಪರಿಚಿತರು ಎದುರಾದರೆ ಸಲಾಮಿನ ಬೆನ್ನಿಗೇ ಕುಲದ ಪ್ರಶ್ನೆ ಬರುತ್ತದೆ. ನಾವು ನಗುವಂತಿಲ್ಲ, ನಮ್ಮಲ್ಲೂ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಎರಡು ಮಾತಾಡಿ “ನೀವು ಯಾವ ಪೈಕಿ?” ಎಂದು ಮೆಲ್ಲಗೆ ಕೇಳುವುದಿಲ್ಲವೇ? ಅಲ್ಲಿ ಮಾತು ಕಲಿತ ಮಗು ಅಪ್ಪ, ಅಜ್ಜ, ಮುತ್ತಜ್ಜ ಎಂದು ತಲೆಮಾರುಗಳ ಹೆಸರನ್ನು ಮಗ್ಗಿಯಂತೆ ಒಪ್ಪಿಸುತ್ತದೆ. ಬರಗಾಲದಲ್ಲಿ ಕೈಹಿಡಿಯುವುದು ಕುಲ, ಕೊಲೆಯಾದರೆ ಸೇಡಿಗೆ ನಿಲ್ಲುವುದು ಕುಲ; ಕಡೆಗೆ ಸಂಸತ್ತಿನ ಕುರ್ಚಿಗಳೂ ಕುಲದ ಲೆಕ್ಕದಲ್ಲೇ ಹಂಚಿಕೆಯಾಗುತ್ತವೆ. ಆದರೆ ಶೇಖ್ ಸಾಹೇಬರು ತಾವಾಗಿ ಎಂದೂ ತಮ್ಮ ಕುಲ ಹೇಳಿಕೊಂಡವರಲ್ಲ. ಕೇಳಿದವರಿಗೆ “ಬಾಯಾರಿದೆಯೇ?” ಎಂದು ನೀರು ಕೊಡುತ್ತಿದ್ದರು. ನೀರು ಕುಡಿದವರು ಎರಡನೆಯ ಸಲ ಕೇಳುತ್ತಿರಲಿಲ್ಲ.

ಇಂಥ ಪುಣ್ಯಪುರುಷರ ಬಳಿಗೆ ಒಂದು ಮಧ್ಯಾಹ್ನ ಬರ್ಖದ್ ಎಂಬವನು ಬಂದ. ದಲ್ಮಾರ್ ಕುಲದವನು, ರಾಜಧಾನಿಯಲ್ಲಿ ಓದಿ ಅಲ್ಲಿಯೇ ರಾಜಕಾರಣ ಕಲಿತವನು. ಧರ್ಮಗುರುಗಳೆಂದರೆ ಅವನಿಗೆ ಅಷ್ಟಕ್ಕಷ್ಟೇ. ಅದಕ್ಕೆ ಕಾರಣವೂ ಇತ್ತು. ದೊಡ್ಡ ಮಸೀದಿಯೊಂದರಲ್ಲಿ “ನಾವೆಲ್ಲ ಒಡಹುಟ್ಟಿದವರು” ಎಂದು ಕಣ್ಣೀರಿಟ್ಟು ಪ್ರವಚನ ಮಾಡಿದ ಮೌಲ್ವಿಯೊಬ್ಬರು ಅದೇ ಸಂಜೆ ತಮ್ಮ ಕುಲಕ್ಕೆ ಮಂತ್ರಿಗಿರಿ ಗಿಟ್ಟಿಸಲು ಚೌಕಾಸಿಗೆ ಕೂತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಯಾರ ಪೇಟ ಬಿಚ್ಚಿದರೂ ಒಳಗೆ ಕುಲವೇ ಇರುತ್ತದೆ ಎಂಬುದು ಅಂದಿನಿಂದ ಅವನ ಸಿದ್ಧಾಂತವಾಯಿತು.

ಎಲ್ ಸಲ್ಮಾದ ನೀರಿಗಾಗಿ ಹಿಂದಿನ ವರ್ಷ ದಲ್ಮಾರರಿಗೂ ಶಿರ್ದೋನ್ ಕುಲದವರಿಗೂ ಬಂದೂಕಿನ ಜಗಳವಾಗಿತ್ತು. ಯಾರ ಒಂಟೆ ಮೊದಲು ಕುಡಿಯಬೇಕು ಎಂಬಷ್ಟಕ್ಕೇ ಹೆಣಗಳು ಬಿದ್ದವು. ಬರ್ಖದನ ಅಕ್ಕ ಅಂಬರೋಳನ್ನು ಕೊಟ್ಟದ್ದು ಶಿರ್ದೋನರ ಮನೆಗೆ. ದಲ್ಮಾರರ ಗುಂಡಿಗೆ ಸತ್ತವರಲ್ಲಿ ಅವಳ ಗಂಡನೂ ಇದ್ದ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದ ಅಕ್ಕ ಅಂದಿನಿಂದ ಅವನ ಮುಖ ನೋಡಿರಲಿಲ್ಲ. ಅವಳ ಗಂಡುಮಕ್ಕಳು ಈಗ ಕೋವಿ ಹಿಡಿದು ಕೂತಿದ್ದರು. ಹೀಗಿರುವಾಗ ಎರಡೂ ಕಡೆಯ ಹಿರಿಯರು ಬಳಲಿ ಒಂದು ಮಾತಿಗೆ ಬಂದಿದ್ದರು: ಶೇಖ್ ಇದ್ರೀಸರು ಯಾವ ಸರದಿ ಹೇಳುತ್ತಾರೋ ಅದೇ ಸರಿ. ಮರುದಿನ ಬೆಳಿಗ್ಗೆ ಜಾಲಿಮರದ ಕೆಳಗೆ ಸಭೆ.

ಮೊದಲ ಸರದಿ ದಲ್ಮಾರರಿಗೆ ಬರುವಂತೆ ಮಾಡಿದರೆ ಸಂಸತ್ತಿನ ಕುರ್ಚಿ ನಿನ್ನದೇ ಎಂದು ಬರ್ಖದನ ಚಿಕ್ಕಪ್ಪ ಶಿರೆ ಮಾತು ಕೊಟ್ಟಿದ್ದ. ಆ ಕೆಲಸಕ್ಕೆ ಬೇಕಾದ ಅಸ್ತ್ರವೂ ಬರ್ಖದನಿಗೆ ಸಿಕ್ಕಿತ್ತು.

ಶೇಖ್ ಸಾಹೇಬರು ಬಾನಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ದಬ್ಬಣದಿಂದ ಹೊಲಿಯುತ್ತಿದ್ದರು. ಬರ್ಖದ್ ತಂದಿದ್ದ ಸಕ್ಕರೆ, ಚಹಾಪುಡಿಯ ಪೊಟ್ಟಣಗಳನ್ನು ಮುಂದಿಟ್ಟು ಕುಳಿತ.

“ಶೇಖ್ ಸಾಹೇಬರೇ, ನಿಮ್ಮ ತಂದೆ ಯಾರು ಅಂತ ನನಗೆ ಗೊತ್ತಾಗಿದೆ. ನಮ್ಮ ಮುದುಕಿ ಅತ್ತೆ ಹೇಳಿದಳು. ರೋಬ್ಲೆಯ ಮಗ ನೀವು. ದಲ್ಮಾರ್. ನಮ್ಮವರೇ.”

ದಬ್ಬಣ ನಿಲ್ಲಲಿಲ್ಲ. “ಹೌದಪ್ಪ,” ಎಂದರು ಅವರು. “ಬಹಳ ಚೆನ್ನಾಗಿ ಹಾಡುತ್ತಿದ್ದರು. ನೀರು ಸೇದುವಾಗ ಅವರ ದನಿ ಕೇಳಿದರೆ ಒಂಟೆಗಳು ಕುಡಿಯೋದು ಬಿಟ್ಟು ಕತ್ತೆತ್ತುತ್ತಿದ್ದವು.”

ಬರ್ಖದ್ ಇದನ್ನು ನಿರೀಕ್ಷಿಸಿರಲಿಲ್ಲ. ಮುಚ್ಚಿಟ್ಟವರು ಬೆಚ್ಚಬೇಕು, ಇಲ್ಲವೇ ಬೈಯಬೇಕು. ಇವರು ಅಪ್ಪನನ್ನು ನೆನೆದು ಸುಖಪಡುತ್ತಿದ್ದಾರಲ್ಲ! ಆದರೂ ಬಂದ ಕೆಲಸ ಬಿಡುವಂತಿರಲಿಲ್ಲ. “ನಾಳೆ ಮೊದಲ ಸರದಿ ನಮಗೆ ಬರಬೇಕು,” ಎಂದ. “ಇಲ್ಲದಿದ್ದರೆ ನಾನು ಸಭೆಯಲ್ಲಿ ಎದ್ದು ನಿಮ್ಮ ಕುಲ ಹೇಳಬೇಕಾಗುತ್ತೆ. ಆಮೇಲೆ ಶಿರ್ದೋನರು ನಿಮ್ಮ ಮಾತು ಕೇಳ್ತಾರಾ?”

ಶೇಖ್ ಸಾಹೇಬರು ದಾರವನ್ನು ಹಲ್ಲಿನಿಂದ ಕಡಿದು ಗಂಟು ಹಾಕಿದರು. “ನೀನು ಯಾಕೆ ಹೇಳ್ತೀಯಾ, ಮಗಾ? ಸುಮ್ಮನೆ ಕೆಟ್ಟ ಹೆಸರು. ನಾನೇ ಹೇಳ್ತೀನಿ.”

“ಹೇಳಿದರೆ ಸಭೆ ಮುರಿಯುತ್ತೆ. ಗುಂಡು ಹಾರುತ್ತೆ!”

“ಅಷ್ಟಕ್ಕೇ ಮುರಿಯೋದಾದರೆ ಅದು ಶಾಂತಿಯಲ್ಲ. ಗೊತ್ತಾಗಿಬಿಡಲಿ.” ದಬ್ಬಣಕ್ಕೆ ಹೊಸ ದಾರ ಪೋಣಿಸುತ್ತ ಕೇಳಿದರು: “ಊರಿಗೆ ಬಂದವನು ಅಕ್ಕನ್ನ ನೋಡಿದೆಯಾ?”

ಬರ್ಖದ್ ಕೇಳಿಸದವನಂತೆ ಎದ್ದು ಹೊರಟುಬಿಟ್ಟ. ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೇ ಸಿಟ್ಟು. ಹೆದರಿಸಲೆಂದು ಎತ್ತಿದ ಕೋಲು ಅದು, ಬೀಸುವುದಕ್ಕಲ್ಲ. ಈ ಮುದುಕರು ಅದನ್ನು ಅವನ ಕೈಯಿಂದ ಇಸಿದುಕೊಂಡು ತಾವೇ ಬೀಸಿಕೊಳ್ಳಲು ಹೊರಟಿದ್ದರು. ನಾಳೆ ಸಭೆ ಒಡೆದರೆ ಮೊದಲು ಎದ್ದು ನಿಲ್ಲುವವರು ಅಕ್ಕನ ಮಕ್ಕಳು. ಅವರ ಎದುರಿಗೆ ತನ್ನ ಕುಲದ ಹುಡುಗರು. ಕುರ್ಚಿಯ ಆಸೆ ಆ ಹೊತ್ತಿನಲ್ಲಿ ಅವನಿಗೆ ಕಹಿಯಾಯಿತು.

ಬೆಳಿಗ್ಗೆ ಜನ ನೆರೆಯಿತು. ಮರದ ಒಂದು ಮಗ್ಗುಲಿಗೆ ದಲ್ಮಾರರು, ಇನ್ನೊಂದು ಮಗ್ಗುಲಿಗೆ ಶಿರ್ದೋನರು. ಕೋವಿಗಳನ್ನು ದೂರದ ಮುಳ್ಳುಬೇಲಿಗೆ ಒರಗಿಸಿದ್ದರು ನಿಜ, ಆದರೆ ಹುಡುಗರೆಲ್ಲ ಬೇಲಿಯ ಕಡೆಗೇ ಕೂತಿದ್ದರು. ಶೇಖ್ ಸಾಹೇಬರು ಊರುಗೋಲು ಹಿಡಿದು ಎದ್ದು ನಿಂತರು.

“ಸರದಿ ಹೇಳೋದಕ್ಕೆ ಮೊದಲು ಒಂದು ಮಾತು. ನಾನು ಹುಟ್ಟಿನಿಂದ ದಲ್ಮಾರ್. ರೋಬ್ಲೆಯ ಮಗ. ಗೊತ್ತಿಲ್ಲದೆ ನನ್ನನ್ನು ನಂಬಿದವರು ಇದ್ದರೆ ಆ ನಂಬಿಕೆಯನ್ನ ವಾಪಸ್ಸು ತಗೊಳ್ಳಿ.”

ಇಷ್ಟು ಹೇಳಿ ಕುಳಿತರು. ಬರ್ಖದ್ ಬೇಲಿಯನ್ನೇ ನೋಡುತ್ತಿದ್ದ. ಯಾರೂ ಮೇಲೇಳಲಿಲ್ಲ. ಶಿರ್ದೋನರ ಕಡೆಯಿಂದ ಒಂದು ಕೆಮ್ಮು ಕೇಳಿಸಿತು, ಕೆಮ್ಮಿನ ಹಿಂದೆ ನಗು. ಅವರ ಕುಲದ ಅತಿ ಹಿರಿಯ ಗೆಲ್ಲೆ ನಗುತ್ತಿದ್ದ.

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಶೇಖ್ ಸಾಹೇಬರೇ? ಆ ದೊಡ್ಡ ಬರದ ವರ್ಷವೇ ನಮಗೆ ಗೊತ್ತಾಯ್ತು. ಆಗ ಬಾವಿಯ ಸಾಲು ಕಾಯ್ತಿದ್ದವರು ನೀವು. ನಿಮ್ಮ ಅಣ್ಣ ಒಂಟೆ ಹೊಡ್ಕೊಂಡು ಬಂದ. ಸಾಲಲ್ಲಿ ಮುಂದೆ ನಿಂತವರು ನಾವು. ‘ತಮ್ಮಾ, ಬಾವಿ ನಿನ್ನ ಕೈಲಿದೆ, ನನ್ನ ಪ್ರಾಣಿಗಳು ಸಾಯ್ತಿವೆ’ ಅಂದ. ನೀವು ಅವನ್ನ ತಬ್ಬಿಕೊಂಡು ಅತ್ತಿರಿ. ನಮಗೆಲ್ಲ ಆಗ, ಮುಗೀತು, ನಮ್ಮ ನೀರು ಹೋಯ್ತು ಅನ್ನಿಸ್ತು. ನೀವು ಕಣ್ಣು ಒರಸ್ಕೊಂಡು ಅವನ ಮುಂದಿನ ಒಂಟೆಯ ಹಗ್ಗ ಹಿಡಿದು ಸಾಲಿನ ಕೊನೆಗೆ ಕರ್ಕೊಂಡು ಹೋದಿರಿ. ಸಂಜೆ ಅವನ ಸರದಿ ಬಂದಾಗ ಸೇದೋಕೆ ಯಾರ ಕೈಲೂ ಶಕ್ತಿ ಇರಲಿಲ್ಲ. ನೀವೇ ಬಾವಿಗೆ ಇಳಿದು ಕೊನೆಯ ಒಂಟೆವರೆಗೂ ನೀರು ಎತ್ತಿದಿರಿ.”

ಮುದುಕ ಉಸಿರು ತೆಗೆದುಕೊಂಡ. “ಅಣ್ಣನನ್ನ ‘ನೀನು ಯಾರೋ’ ಅಂದಿದ್ದರೆ ನಾವು ನಿಮ್ಮನ್ನ ನಂಬ್ತಿರಲಿಲ್ಲ. ಹೆತ್ತವರ ಮನೆಯನ್ನೇ ಮರೆತವನು ನಮ್ಮನ್ನ ನೆನಪಿಟ್ಕೊಳ್ತಾನಾ? ನೀವು ಅವನ್ನೂ ಬಿಡಲಿಲ್ಲ, ನಮ್ಮ ಸರದಿಯನ್ನೂ ಬಿಟ್ಟುಕೊಡಲಿಲ್ಲ. ಗೊತ್ತಿದ್ದೇ ನಂಬಿದ್ದೀವಿ. ಸರದಿ ಹೇಳಿ.”

ಬರ್ಖದ್ ತಲೆ ತಗ್ಗಿಸಿದ. ಜನ ತನಗೆ ಗೊತ್ತಿರುವುದಕ್ಕಿಂತ ಕಡಿಮೆ ತಿಳಿದವರು ಎಂದುಕೊಂಡೇ ಅವನು ಇಷ್ಟು ದಿನ ರಾಜಕಾರಣ ಮಾಡಿದ್ದ. ನಂಬಿಕೆಯೆಂದರೆ ಯಾರದೋ ಅಜ್ಞಾನ ಎಂದು ಎಣಿಸಿದ್ದ. ಅವನಿಗೆ ನಾಚಿಕೆಯಾಯಿತು.

ಶೇಖ್ ಸಾಹೇಬರು ಹೇಳಿದ ಸರದಿಯಲ್ಲಿ ಹೊಸದೇನೂ ಇರಲಿಲ್ಲ: ಮೊದಲು ಬಂದ ಒಂಟೆ ಮೊದಲು ಕುಡಿಯಲಿ, ಅದರ ಮೈಮೇಲೆ ಯಾವ ಕುಲದ ಬರೆಯಾದರೂ ಇರಲಿ. ಎರಡೂ ಕಡೆಯವರು ಒಪ್ಪಿದರು. ಆಗ ಶಿರ್ದೋನರಲ್ಲೊಬ್ಬ, “ನಿಮಗೆ ವಯಸ್ಸಾಯ್ತು. ದಿನಾ ಬಾವಿ ಹತ್ತಿರ ನಿಂತು ಸಾಲು ಕಾಯೋರು ಯಾರು?” ಎಂದ.

“ಇವನು,” ಎಂದು ಅವರು ಬರ್ಖದನನ್ನು ತೋರಿಸಿದರು.

ಶಿರ್ದೋನ್ ಹುಡುಗರು ಗೊಳ್ಳೆಂದು ನಕ್ಕರು. ಗೆಲ್ಲೆ ಮುಖ ಸಿಂಡರಿಸಿದ. “ಇವನಾ? ಕುರ್ಚಿಗೆ ಗಾಳ ಹಾಕ್ಕೊಂಡು ಬಂದವನು. ಇವನನ್ನ ಯಾರು ನಂಬ್ತಾರೆ?”

“ಯಾರೂ ನಂಬೋದಿಲ್ಲ,” ಎಂದರು ಶೇಖ್ ಸಾಹೇಬರು. “ನನ್ನನ್ನೂ ಯಾರೂ ನಂಬಿರಲಿಲ್ಲ, ಅಣ್ಣ ಬರೋವರೆಗೆ.”

ಬರ್ಖದ್ ಎದ್ದು, ತಾನು ನಿನ್ನೆ ಆಡಿದ ಮಾತನ್ನೆಲ್ಲ ಸಭೆಯ ಮುಂದೆ ಹೇಳಿಬಿಡಬೇಕೆಂದು ಬಾಯಿ ತೆರೆದ. ಆ ಕರುಣಾಳುಗಳು ಅವನಿಗೆ ಆಸ್ಪದ ಕೊಡಲಿಲ್ಲ. ನಿನ್ನೆ ಹೊಲಿದ ಬಾನಿಯನ್ನು ಅವನ ಕೈಗಿತ್ತರು. “ಮಾತು ಸಾಕು. ಇದು ಸೋರೋದಿಲ್ಲ.”

ಪರೀಕ್ಷೆ ಬರಲು ಬಹಳ ದಿನ ಹಿಡಿಯಲಿಲ್ಲ. ಒಂದು ದಿನ ಬಿಸಿಲು ಏರಿದ ಹೊತ್ತಿನಲ್ಲಿ ಚಿಕ್ಕಪ್ಪ ಶಿರೆಯ ಹಿಂಡು ಬಂತು. ದೂರದ ಹುಲ್ಲುಗಾವಲಿನಿಂದ ನಡೆದ ಪ್ರಾಣಿಗಳು, ಮರಿಗಳ ನಾಲಿಗೆ ಹೊರಬಿದ್ದಿತ್ತು. ಸಾಲಿನಲ್ಲಿ ಮುಂದಿದ್ದವರೆಲ್ಲ ಶಿರ್ದೋನರು. ನೀರಿನ ಪಾತ್ರೆ ಹಿಡಿದ ಹೆಂಗಸರ ನಡುವೆ ಅಂಬರೋ ಮುಖ ತಿರುಗಿಸಿ ನಿಂತಿದ್ದಳು. ಗೆಲ್ಲೆ ಕೋಲೂರಿಕೊಂಡು ನೋಡುತ್ತಿದ್ದ.

“ಬರ್ಖದ್, ದಾರಿ ಬಿಡಿಸು,” ಎಂದ ಶಿರೆ. “ನಿನ್ನನ್ನ ಇಲ್ಲಿ ನಿಲ್ಲಿಸಿದ್ದು ಯಾಕೆ ಅಂತ ದೇವರಿಗೇ ಗೊತ್ತು. ನಮ್ಮ ಪುಣ್ಯ.”

ಬರ್ಖದ್ ಹತ್ತಿರ ಹೋಗಿ ಚಿಕ್ಕಪ್ಪನ ಕೈಗೆ ಮುತ್ತಿಟ್ಟ. ಮುಂದಿನ ಒಂಟೆಯ ಹಗ್ಗ ತೆಗೆದುಕೊಂಡ. ನಡೆದ. ಬಾವಿಯ ಕಡೆಗಲ್ಲ, ಸಾಲಿನ ಕೊನೆಗೆ.

“ಹುಚ್ಚು ಹಿಡಿದಿದೆಯಾ? ನಾಳೆಯೇ ಕುರ್ಚಿಗೆ ಬೇರೆಯವನ ಹೆಸರು ಕಳಿಸ್ತೀನಿ!”

“ಕಳಿಸು ಚಿಕ್ಕಪ್ಪ,” ಎಂದ ಬರ್ಖದ್. “ನಿನ್ನ ಒಂಟೆಗಳಿಗೆ ನಾನೇ ನೀರು ಸೇದ್ತೀನಿ. ಒಂದೂ ಬಾಯಾರಿ ಹೋಗಲ್ಲ. ಆದರೆ ಸರದಿ ಬಂದಾಗ.”

ಶಿರೆಯ ಸರದಿ ಬಂದಾಗ ಹೊತ್ತು ಇಳಿದಿತ್ತು. ಬರ್ಖದ್ ಪಟ್ಟಣದ ಅಂಗಿಯಲ್ಲೇ ಬಾವಿಯ ತಳಕ್ಕಿಳಿದ. ಬಾನಿ ತುಂಬಿಸಿದ, ಕೂಗಿದ, ಮತ್ತೆ ತುಂಬಿಸಿದ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ನೀರು ಸೇದುವವರು ಆಯಾಸ ಮರೆಯಲು ಹಾಡುವುದು ಅಲ್ಲಿಯ ವಾಡಿಕೆ. ಅವನಿಗೂ ಅಪ್ಪ ಹಾಡುತ್ತಿದ್ದ ಒಂದು ಹಾಡು ಅರೆಬರೆ ನೆನಪಿತ್ತು. ಹಾಡಿದ. ಪದ ತಪ್ಪಿತು, ಧಾಟಿಯೂ ತಪ್ಪಿತು. ಮೇಲೆ ಹಗ್ಗ ಹಿಡಿದಿದ್ದ ಚಿಕ್ಕಪ್ಪನ ಆಳುಗಳು ನಗಲೂ ಆರದಷ್ಟು ದಣಿದಿದ್ದರು. ಆಗ ಹಗ್ಗಕ್ಕೆ ಇನ್ನಷ್ಟು ಕೈಗಳು ಸೇರಿದ್ದು ಅವನಿಗೆ ಎಳೆತದಲ್ಲೇ ಗೊತ್ತಾಯಿತು. ತಲೆಯೆತ್ತಿದ. ಹಗ್ಗ ಹಿಡಿದು ನಿಂತವರು ಅಕ್ಕನ ಮಕ್ಕಳು. ಬಾವಿಯ ಕಟ್ಟೆಯ ಮೇಲೆ ಬಗ್ಗಿ ಅಂಬರೋ ನಿಂತಿದ್ದಳು.

“ಅಪ್ಪ ಹಾಗೆ ಹಾಡ್ತಿರಲಿಲ್ಲ ಕಣೋ,” ಎಂದಳು. “ನಾನು ಹೇಳಿಕೊಡ್ತೀನಿ, ಸರಿಯಾಗಿ ಹೇಳು.”

ಅವಳು ಹಾಡಿದಳು. ದಲ್ಮಾರರ ಮನೆಯ ಹಾಡನ್ನು ಶಿರ್ದೋನರ ವಿಧವೆ ಹಾಡಿದಳು. ಅವಳ ಮಕ್ಕಳು ಹಗ್ಗ ಎಳೆಯುತ್ತ ದನಿಗೂಡಿಸಿದರು. ಬರ್ಖದ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅಳುತ್ತಲೇ ಬಾನಿ ತುಂಬಿಸುತ್ತಿದ್ದ.

ಗುಡಿಸಲಿನಲ್ಲಿ ಶೇಖ್ ಸಾಹೇಬರ ದಬ್ಬಣ ನಿಂತಿತ್ತು. “ಇದು ನಮ್ಮಪ್ಪ ಹಾಡುತ್ತಿದ್ದ ಹಾಡು,” ಎಂದು ಅವರು ಬಳಿಯಲ್ಲಿದ್ದವರಿಗೆ ಹೇಳಿದರು. ಅದು ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳಿದರು.

ಬರ್ಖದ್ ರಾಜಧಾನಿಗೆ ಹಿಂತಿರುಗಲಿಲ್ಲ. ಆ ಮಹನೀಯರು ದೇವರ ಪಾದ ಸೇರಿದ ಮೇಲೆಯೂ ಅದೇ ಬಾವಿಯ ಬಳಿ ಬಾನಿ ಹೊಲಿಯುತ್ತ ಮುದುಕನಾದ. ದೂರದಿಂದ ಬಂದವರು ಅವನ ಕುಲ ಕೇಳಿದರೆ ಮುಚ್ಚಿಡುತ್ತಿರಲಿಲ್ಲ, “ದಲ್ಮಾರ್” ಎನ್ನುತ್ತಿದ್ದ. “ಓಹೋ, ನಾವೂ ದಲ್ಮಾರರೇ!” ಎಂದು ಅವರು ಹಿಗ್ಗಿದರೆ ಎದ್ದು ತಬ್ಬಿಕೊಂಡು, ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿ, ಅವರ ಒಂಟೆಯ ಹಗ್ಗವನ್ನು ತಾನೇ ಹಿಡಿದು ಸಾಲಿನ ಕೊನೆಗೆ ಕರೆದುಕೊಂಡು ಹೋಗುತ್ತಿದ್ದ.