ಒಂದೇ ರಾತ್ರಿಗೆ ಐವತ್ತು ವರ್ಷ

ಹೊಸ ಗಿಟಾರಿಗೆ ತುಕ್ಕು ಹಿಡಿಸಿ, ಹೆಚ್ಚು ಬೆಲೆಬಾಳುವ ಹಳೇ ಗಿಟಾರೆಂದು ಸುಳ್ಳು ಹೇಳಿ ಸಾಗಹಾಕುವುದು ಶುದ್ಧ ಮೋಸ. ಹುಬ್ಬಳ್ಳಿಯ ಅಂಗಡಿ ಸಾಹುಕಾರನೊಬ್ಬ ಅದನ್ನೇ ಮಾಡಿದ.

ಆರ್ಕೆಸ್ಟ್ರಾದಲ್ಲಿ ನುಡಿಸುವ ಇಂದುಮತಿ ತನ್ನ ಒಳ್ಳೆಯ ಎಲೆಕ್ಟ್ರಿಕ್ ಗಿಟಾರ್ ಕೊಟ್ಟು, ಅವನ 'ಐವತ್ತು ವರ್ಷದ' ಗಿಟಾರ್ ಒಯ್ಯಲು ಮರುದಿನ ಬರುವವಳಿದ್ದಳು. ಸಾಹುಕಾರ ರಿಪೇರಿಯವನ ಮೇಲೆ ಗುಡುಗಿದ.

"ಲೇ, ಈ ಹೊಸ ಗಿಟಾರಿನ ಸ್ಕ್ರೂ, ತಂತಿ ಕೂಡೋ ಬ್ರಿಡ್ಜ್ ಎಲ್ಲಾ ಬಿಚ್ಚಿ ವಿನೆಗರ್ ಹಬೆಗೆ ಇಟ್ಟು ತುಕ್ಕು ಹಿಡಸು. ನಾಳೆ ಅಂಗಡ್ಯಾಗ ಒಂದೂ ಮಿಂಚಬಾರದು! ಆಕಿ ಮುಂದ ಬಾಯಿ ಬಿಟ್ಟಿ ಅಂದ್ರ ಕೆಲಸ ಹೋತು!"

"ಆತ್ರೀ ಸಾಹುಕಾರ್ರ."

ಮರುದಿನ ಇಂದುಮತಿ ಬಂದು ಗಿಟಾರ್ ನೋಡಿದಳು. ಆಮೇಲೆ ಗೋಡೆ ನೋಡಿದಳು. ವ್ಯಾಪಾರಿಗಳ ಸಂಘ ಸಾಹುಕಾರನಿಗೆ ಇದೇ ವರ್ಷ ಕೊಟ್ಟ ಸ್ಟೀಲ್ ಫಲಕಕ್ಕೂ ಅದೇ ತುಕ್ಕು, ಅದೇ ಕಲೆ!

"ಏನ್ರೀ, ಈ ವರ್ಷದ ಫಲಕಕ್ಕೂ ಐವತ್ತು ತುಂಬಿದುವೇನು?"

ನಗುತ್ತಲೇ ತನ್ನ ಗಿಟಾರ್ ಹೆಗಲಿಗೇರಿಸಿ ಹೊರಟೇಬಿಟ್ಟಳು.

"ಫಲಕಕ್ಕ ಯಾಕ ತುಕ್ಕು ಹಿಡಿಸಿದ್ಯಲೇ?" ಸಾಹುಕಾರ ರಿಪೇರಿಯವನ ಮೇಲೆ ಕಿರುಚಿದ.

"ಅಂಗಡ್ಯಾಗ ಒಂದೂ ಮಿಂಚಬಾರದು ಅಂತ ನೀವ ಹೇಳಿದ್ರಲ್ರೀ. ಬಾಯಂತೂ ನಾ ಬಿಟ್ಟಿಲ್ಲ ನೋಡ್ರಿ!"

ಗಿಟಾರ್ ಕೊಳ್ಳುವವರೇ, ತುಕ್ಕು ನೋಡಿ ಮರುಳಾಗಬೇಡಿ. ಸ್ಕ್ರೂಡ್ರೈವರ್ ಹಿಡಿದು ಹೋಗಿ, ಸಾಹುಕಾರನ ಕಣ್ಣೆದುರೇ ಬಿಚ್ಚಿ, ಒಳಗೂ ಹಳೆಯದೇ ಅಂತ ನೋಡಿ!