ಒಂದೇ ಬಟ್ಟಲಿನ ಹೆಪ್ಪು

“ತಾಯಿ, ಎಲ್ಲರ ಮಾತೂ ನಡೆಯುವ ಮನೆ ಉಳಿದೀತೇ?” ಎಂದು ಸಾತವ್ವ ಕೇಳಿದಳು.

ಸಾತವ್ವ ಗುರುತಾಯಿಯ ಶಿಷ್ಯೆ. ಪೇಟೆಯಲ್ಲಿ ದಿಕ್ಕಿಲ್ಲದ ಹೆಂಗಸರಿಗಾಗಿ ಒಂದು ಆಶ್ರಯ ಕಟ್ಟಿ ನಡೆಸುತ್ತಿದ್ದಳು. ಅವಳ ಜೊತೆ ಅಲ್ಲಿ ದುಡಿಯುವ ಹೆಂಗಸರು ಹಿಂದಿನ ದಿನ ಒಟ್ಟಾಗಿ ಬಂದು, ಇನ್ನು ಮುಂದೆ ಮನೆಯ ವಿಚಾರಗಳನ್ನು ಎಲ್ಲರೂ ಕೂತು ತೀರ್ಮಾನಿಸೋಣ ಎಂದಿದ್ದರು. ಯಾರನ್ನು ಒಳಗೆ ಸೇರಿಸಿಕೊಳ್ಳಬೇಕು, ಬಂದ ದಾನವನ್ನು ಯಾವುದಕ್ಕೆ ಬಳಸಬೇಕು, ಬಾಗಿಲು ಯಾವಾಗ ಹಾಕಬೇಕು, ಎಲ್ಲವನ್ನೂ. ಸಾತವ್ವ ಉತ್ತರ ಕೊಡದೆ ಎದ್ದು ಬಂದಿದ್ದಳು. ಆ ಮನೆಯ ಬೀಗದ ಕೈಗಳ ಗೊಂಚಲು ಅವಳ ಸೊಂಟದಲ್ಲೇ ಇತ್ತು.

“ಹತ್ತು ಮಂದಿ ಸೇರಿದಲ್ಲಿ ಹಾವು ಸಾಯದು ಅಂತ ಗಾದೆಯೇ ಇದೆ. ಒಂದು ದಿನ ಎಚ್ಚರ ತಪ್ಪಿದರೆ ಆ ಹೆಂಗಸರು ಮತ್ತೆ ಬೀದಿಗೆ ಬೀಳುತ್ತಾರೆ. ನನಗೆ ಅದರದೇ ಭಯ.”

“ಆ ಹತ್ತು ಮಂದಿಯ ಕೈಗೆ ಕೋಲು ಕೊಟ್ಟಿದ್ದರೋ ಇಲ್ಲವೋ, ಗಾದೆ ಅದನ್ನು ಹೇಳುವುದಿಲ್ಲ ನೋಡು,” ಎಂದರು ಗುರುತಾಯಿ. ಆಮೇಲೆ ಈ ಕತೆ ಹೇಳಿದರು.

ಹೊಳೆಗೂ ಸಂತೆಯ ಊರಿಗೂ ನಡುವೆ ಒಂದು ದೊಡ್ಡ ಬಯಲು ಇತ್ತು. ದಾರಿಯಲ್ಲಿ ಮರವಿಲ್ಲ, ನೆರಳಿಲ್ಲ. ನಟ್ಟನಡುವೆ ಒಂದು ಸಣ್ಣ ಊರು. ಆ ಊರ ಬಾವಿಯ ನೀರು ಸವುಳು. ಊರವರಿಗೆ ಅದು ಅಭ್ಯಾಸವಾಗಿತ್ತು. ದಾರಿಹೋಕರ ಗಂಟಲಲ್ಲಿ ಮಾತ್ರ ಇಳಿಯುತ್ತಿರಲಿಲ್ಲ.

ಆ ಊರಲ್ಲಿ ಒಬ್ಬ ಹೆಂಗಸು ಇದ್ದಳು. ಊರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿತ್ತು. ಅವಳ ಒಬ್ಬಳೇ ಮಗಳು ಗಂಡನ ಮನೆಯಿಂದ ತವರಿಗೆ ಬರುವಾಗ ಆ ಬಯಲಿನಲ್ಲಿ ಬಿಸಿಲಿಗೆ ಬಿದ್ದು ಸತ್ತಳು. ಬಿದ್ದ ಜಾಗದಿಂದ ತವರಿನ ಛಾವಣಿ ಕಾಣುತ್ತಿತ್ತು. ಮರುವರ್ಷದ ಬೇಸಿಗೆಗೆ ದೊಡ್ಡವ್ವ ದಾರಿಯ ಪಕ್ಕ ಚಪ್ಪರ ಹಾಕಿ ಅರವಟ್ಟಿಗೆ ಇಟ್ಟಳು. ಬಂದವರಿಗೆಲ್ಲ ಪುಕ್ಕಟೆ ನೀರುಮಜ್ಜಿಗೆ. ಸವುಳು ನೀರು ಮಜ್ಜಿಗೆಯಲ್ಲಿ ಬೆರೆತರೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಉಪ್ಪು ಹಾಕುವ ಕೆಲಸವೂ ತಪ್ಪುತ್ತಿತ್ತು.

ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈಜೋಡಿಸಿದರು. ಹಾಲು ತಂದರು, ನೀರು ಸೇದಿದರು, ಮೊಸರು ಕಡೆದರು, ಲೋಟ ತೊಳೆದರು. ಹೆಪ್ಪು ಹಾಕುವುದು ಮಾತ್ರ ದೊಡ್ಡವ್ವನ ಕೆಲಸ. ಅವಳ ಹೆಪ್ಪಿನ ಬಟ್ಟಲನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮೊದಲು ಅದು ಅವಳ ರೂಢಿಯಾಗಿತ್ತು. ಬರಬರುತ್ತ ಊರಿನ ನಂಬಿಕೆಯಾಯಿತು. ದೊಡ್ಡವ್ವನ ಕೈಗುಣದಿಂದಲೇ ಮೊಸರು ಹೀಗೆ ಗಟ್ಟಿಯಾಗುತ್ತದೆ ಎಂದರು. ಕೊನೆಗೆ ಹೆಂಗಸರೆಲ್ಲ ಸೇರಿ ಒಂದು ವ್ರತ ಹಿಡಿದರು. ಪ್ರತಿವರ್ಷ ಬೇಸಿಗೆ ಮುಗಿಯುವ ತನಕ ಊರಿನ ಹಾಲೆಲ್ಲ ಅರವಟ್ಟಿಗೆಗೇ ಬರಬೇಕು. ಯಾರೂ ಮನೆಯಲ್ಲಿ ಹೆಪ್ಪು ಹಾಕಬಾರದು. ಮೊಸರು ಬೇಕಾದವರು ದೊಡ್ಡವ್ವನ ಹತ್ತಿರವೇ ಒಯ್ಯಬೇಕು.

ಹೀಗೆ ಮನೆಮನೆಯ ಹೆಪ್ಪು ಇಲ್ಲವಾಯಿತು. ಯಾರೂ ಒತ್ತಾಯ ಮಾಡಿರಲಿಲ್ಲ. ಭಕ್ತಿಯಿಂದಲೇ ಆಯಿತು.

ದೊಡ್ಡವ್ವ ಕೆಟ್ಟವಳಲ್ಲ, ಸಾತವ್ವ. ಜಂಬವೂ ಅವಳಿಗೆ ಇರಲಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟರೆ ಒಂದು ದಿನ ತಪ್ಪೀತು, ಆ ದಿನವೇ ಯಾರದೋ ಮಗಳು ಆ ದಾರಿಯಲ್ಲಿ ಬಂದಾಳು ಎಂಬ ಹೆದರಿಕೆ ಅವಳಿಗೆ. ಜ್ವರ ಬಂದರೂ ಕಂಬಳಿ ಹೊದ್ದು ಬಂದು ಹೆಪ್ಪು ಹಾಕಿ ಹೋಗುತ್ತಿದ್ದಳು.

ಅರವಟ್ಟಿಗೆಯ ಹಿಂದೆ, ಲೋಟ ತೊಳೆಯುವ ಕಲ್ಲಿನ ಪಕ್ಕ, ಒಂದು ಕರಿಬೇವಿನ ಗಿಡವಿತ್ತು. ಅಂಥ ಹುಲುಸಾದ ಕರಿಬೇವು ಸುತ್ತಲ ಯಾವ ಊರಲ್ಲೂ ಇರಲಿಲ್ಲ. ಈ ಸವುಳು ನೆಲದಲ್ಲಿ ಇದು ಹೇಗೆ ಹೀಗೆ ಬೆಳೆಯಿತು ಎಂದು ದೊಡ್ಡವ್ವ ಎಷ್ಟೋ ಸಲ ಸೋಜಿಗಪಟ್ಟಿದ್ದಳು. ಹೆಂಗಸರನ್ನು ಕೇಳಿದರೆ ಸೆರಗು ಬಾಯಿಗಿಟ್ಟುಕೊಂಡು, ದೇವರ ದಯೆ ಎನ್ನುತ್ತಿದ್ದರು.

“ಕತೆಯೊಳಗೆ ಕರಿಬೇವು ಯಾಕೆ ಬಂತು ತಾಯಿ?” ಎಂದು ಸಾತವ್ವ ನಡುವೆ ಕೇಳಿದಳು.

“ದೊಡ್ಡವ್ವನಿಗೂ ಅದು ತಿಳಿದಿರಲಿಲ್ಲ. ನೀನೂ ಸ್ವಲ್ಪ ತಾಳು,” ಎಂದು ಗುರುತಾಯಿ ಮುಂದುವರಿಸಿದರು.

ಒಂದು ವರ್ಷ ಅಮಾವಾಸ್ಯೆಯ ಸ್ನಾನಕ್ಕೆ ಹೊಳೆಗೆ ಹೋಗುವವರು ಬಹಳ ಬಂದರು. ಸಂಜೆಯಾಗುವಷ್ಟರಲ್ಲಿ ಹಂಡೆ ಬರಿದಾಯಿತು. ಹೆಂಗಸರು ತಮ್ಮ ಮನೆಯ ಪಾಲನ್ನೂ ದಾರಿಹೋಕರಿಗೇ ಕೊಟ್ಟು ಮುಗಿಸಿದರು. ಊರಲ್ಲಿ ಮೊಸರು ಎಂದು ಉಳಿದದ್ದು ದೊಡ್ಡವ್ವನ ಹೆಪ್ಪಿನ ಬಟ್ಟಲಿನಲ್ಲಿ ಮಾತ್ರ. ಮರುದಿನ ಸ್ನಾನ ಮುಗಿಸಿದವರೆಲ್ಲ ಅದೇ ದಾರಿಯಲ್ಲಿ ತಿರುಗಿ ಬರುವವರು.

ದಿನವಿಡೀ ನಿಂತು ದೊಡ್ಡವ್ವನ ಕಾಲು ಸೋತಿದ್ದವು. ಒಲೆಯಿಂದ ಆಗಷ್ಟೇ ಇಳಿಸಿದ ಹಾಲಿನ ಹಂಡೆಯ ಮುಂದೆ ಕೂತು, ಬಟ್ಟಲಲ್ಲಿದ್ದ ಹೆಪ್ಪನ್ನೆಲ್ಲ ಅದಕ್ಕೆ ಸುರಿದಳು. ಹಾಲು ಆರಿರಲಿಲ್ಲ. ಆವಿ ಏಳುತ್ತಿತ್ತು. ಹೆಂಗಸರು ಸುತ್ತ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂಡೆಯ ಬಾಯಿಗೆ ಬಟ್ಟೆ ಕಟ್ಟಿ, ಎಲ್ಲರೂ ಮನೆಗೆ ಹೋದರು.

ಬೆಳಗ್ಗೆ ಬಟ್ಟೆ ಬಿಚ್ಚಿದರೆ ಹಾಲು ಒಡೆದಿತ್ತು. ನೀರೇ ಬೇರೆ, ಗಸಿಯೇ ಬೇರೆ. ಒಬ್ಬಳು ಇದ್ದ ಹೊಸ ಹಾಲಿಗೆಲ್ಲ ಹುಣಸೆಹುಳಿ ಹಿಂಡಿ ನೋಡಿದಳು. ಅದೂ ಒಡೆಯಿತು. ಪಕ್ಕದ ಊರಿಗೆ ಹೋಗಿ ಮೊಸರು ತರೋಣವೆಂದರೆ ತಿರುಗಿ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಬಯಲಿನ ಆಚೆ ತುದಿಯಲ್ಲಿ ಜನ ಬರುವುದು ಆಗಲೇ ಕಾಣುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡ ಒಬ್ಬ ಹೆಣ್ಣುಮಗಳು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ದೊಡ್ಡವ್ವ ಅವಳನ್ನು ನೋಡಿದಳು. ಹಂಡೆಯ ಪಕ್ಕ ಕೂತುಬಿಟ್ಟಳು.

ಆ ವರ್ಷವೇ ಮದುವೆಯಾಗಿ ಆ ಊರಿಗೆ ಬಂದ ಒಬ್ಬ ಸೊಸೆ ಇದ್ದಳು. ಅವಳು ಮನೆಗೆ ಹೋಗಿ, ಸೆರಗಿನಡಿ ಒಂದು ಗಡಿಗೆ ಇಟ್ಟುಕೊಂಡು ಬಂದಳು. ಗಡಿಗೆಯ ತುಂಬ ಮೊಸರು. ಮದುವೆಯಾಗಿ ಬರುವಾಗ ತಾಯಿ ಕೊಟ್ಟ ಹೆಪ್ಪಿನಿಂದ ಬೆಳೆಸಿಕೊಂಡು ಬಂದದ್ದು. ತವರಿನಿಂದ ಬಂದದ್ದರಲ್ಲಿ ಇನ್ನೂ ಜೀವವಿರುವುದು ಅದೊಂದೇ ಎಂದು, ವ್ರತದ ಮಾತು ಬಂದಾಗಲೂ ಅವಳಿಗೆ ಅದನ್ನು ಬಿಡಲು ಮನಸ್ಸು ಬಂದಿರಲಿಲ್ಲ. ಯಾರಿಗೂ ಕಾಣದಂತೆ ನಡೆಸಿಕೊಂಡು ಬಂದಿದ್ದಳು.

ಗಡಿಗೆ ಕಂಡದ್ದೇ ಒಬ್ಬ ಹೆಂಗಸು ರೇಗಿದಳು. “ವ್ರತಾ ಮುರದೀ ಅಲ್ಲ? ನಿನ್ನ ಪಾಪದಿಂದಾನ ಹಾಲು ಒಡದೈತಿ.”

ಉಳಿದವರೂ ಹೌದು ಹೌದು ಎಂದರು. ಸೊಸೆ ಗಡಿಗೆಯನ್ನು ಕೆಳಗಿಟ್ಟು, ಹೊರಟುಹೋಗುವವಳಂತೆ ತಿರುಗಿದಳು. ಇನ್ನು ಆ ಊರಲ್ಲಿ ಬಾಳುವುದು ಹೇಗೆಂಬ ಚಿಂತೆ ಅವಳಿಗೆ.

ದೊಡ್ಡವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. ಅಂಗೈಗೆ ಒಂದು ತೊಟ್ಟು ಮೊಸರು ಹಾಕಿಸಿಕೊಂಡು ರುಚಿ ನೋಡಿದಳು. ತಾನು ಹೆಪ್ಪು ಹಾಕುವ ಮೊಸರಿಗಿಂತ ಅದು ಸಿಹಿಯಾಗಿತ್ತು.

“ನಿನ್ನೆ ಹಾಲು ಸುಡತಿತ್ತು. ಈಗ ನನಗ ಗೊತ್ತಾತು,” ಎಂದಳು. “ನಿನಗ ಅದು ಕಂಡಿತ್ತೇನು?”

“ಎಲ್ಲಾರಿಗೂ ಕಂಡಿತ್ರಿ ದೊಡ್ಡವ್ವ.”

“ಮತ್ಯಾಕ ಒಬ್ಬರೂ ಬಾಯಿ ಬಿಡಲಿಲ್ಲ?”

“ಹೆಪ್ಪಿನ ಮಾತು ನಿಮ್ಮದು. ನಾವು ಯಾವತ್ತೂ ಆಡಿದವರಲ್ಲ.”

ಇದನ್ನು ಕೇಳಿ ದೊಡ್ಡವ್ವನಿಗೆ ಹಾಲು ಒಡೆದದ್ದಕ್ಕಿಂತ ಹೆಚ್ಚು ಭಯವಾಯಿತು. ತನ್ನ ಸುತ್ತ ಇಷ್ಟು ಕಣ್ಣುಗಳಿದ್ದವು, ಎಲ್ಲವೂ ನೋಡುತ್ತಿದ್ದವು, ಒಂದು ಬಾಯಿಯೂ ತೆರೆಯಲಿಲ್ಲ. ಮಗಳ ಹೆಸರಿನಲ್ಲಿ ಕಟ್ಟಿದ ಅರವಟ್ಟಿಗೆಯನ್ನು ಕಾಯುತ್ತಿದ್ದೇನೆ ಎಂದುಕೊಂಡು ತಾನೇ ಅದರ ಕುತ್ತಿಗೆ ಹಿಡಿದಿದ್ದೆ ಎಂದು ಅವಳಿಗೆ ಅನ್ನಿಸಿತು.

ಆ ದಿನ ಗಡಿಗೆಯ ಮೊಸರಿಗೆ ನೀರು ಹೆಚ್ಚು ಬೆರೆಸಿ ಹಂಚಿದರು. ಮಜ್ಜಿಗೆ ತೀರಾ ತೆಳ್ಳಗಿತ್ತು. ಆದರೂ ಕೂಸಿನ ತಾಯಿ ಎರಡು ಲೋಟ ಕುಡಿದು ಎದ್ದುಹೋದಳು. ನೀರು ಬೆರೆಸುವ ಮೊದಲು ದೊಡ್ಡವ್ವ ಆ ಗಡಿಗೆಯಿಂದ ಪ್ರತಿಯೊಬ್ಬಳ ಬಟ್ಟಲಿಗೆ ಒಂದೊಂದು ಚಮಚ ಹೆಪ್ಪು ಹಾಕಿಕೊಟ್ಟಿದ್ದಳು. ಇನ್ನು ಇದು ಎಲ್ಲರ ಮನೆಯಲ್ಲೂ ಇರಲಿ, ಎಲ್ಲರೂ ಹೆಪ್ಪು ಹಾಕಲಿ ಎಂದಳು.

ಇಲ್ಲಿಗೆ ಕತೆ ಮುಗಿಯಿತು ಎಂದುಕೊಂಡೆಯಾ? ನಿಜವಾದ ಫಜೀತಿ ಆಮೇಲೆ ಶುರುವಾಯಿತು. ಒಬ್ಬಳ ಮೊಸರು ಹುಳಿ, ಇನ್ನೊಬ್ಬಳದು ನೀರು. ನನ್ನದೇ ಚೆನ್ನ, ನಿನ್ನದೇ ಸಪ್ಪೆ ಎಂದು ಬಾವಿಯ ಹತ್ತಿರ ಜಗಳ. ಒಂದು ಸಂಜೆಯಂತೂ ಇವಳು ಹಾಕುತ್ತಾಳೆಂದು ಅವಳು, ಅವಳು ಹಾಕುತ್ತಾಳೆಂದು ಇವಳು ಬಿಟ್ಟು, ಹೆಪ್ಪೇ ಬೀಳಲಿಲ್ಲ. ಬೆಳಗ್ಗೆ ಹಂಡೆಯ ತುಂಬ ಬರೀ ಹಾಲು. ಅಂದು ಬಂದವರಿಗೆ ಹಾಲನ್ನೇ ಕೊಟ್ಟರು. ಅವರು ಖುಷಿಯಿಂದ ಕುಡಿದರು ಅನ್ನು, ಆದರೆ ಮಧ್ಯಾಹ್ನದೊಳಗೆ ಹಾಲು ತೀರಿತು, ಆಮೇಲೆ ಬಂದವರಿಗೆ ಸವುಳು ನೀರೇ ಗತಿಯಾಯಿತು.

ಹೆಂಗಸರು ದೊಡ್ಡವ್ವನ ಬಾಗಿಲಿಗೆ ಬಂದರು. “ನಮ್ಮ ಕೈಲೆ ಆಗೂದಿಲ್ಲ. ಮದಲಿನಂಗ ನೀವ ಹಾಕ್ರಿ,” ಎಂದರು.

ದೊಡ್ಡವ್ವನ ಮನಸ್ಸು ಹೂಂ ಎನ್ನಲು ಹಾತೊರೆಯಿತು. ಇಷ್ಟು ದಿನ ಅವಳು ಕಾಯುತ್ತಿದ್ದದ್ದು ಆ ಮಾತಿಗೇ. ಆದರೆ ಆವಿ ಏಳುತ್ತಿದ್ದ ಹಂಡೆ ನೆನಪಾಯಿತು.

“ಹಾಕತೀನಿ. ನನ್ನ ಸರದಿ ಬಂದಾಗ,” ಎಂದಳು. “ಈಗ ಕುಂದರ್ರಿ. ಯಾರು ಯಾವಾಗ ಅಂತ ಮಾತಾಡಿ ಮುಗಿಸೋಣು.”

ಅಂದು ಕೂತರು. ಆಮೇಲೆ ದಿನಾ ಸಂಜೆ ಕೂರುವುದೇ ರೂಢಿಯಾಯಿತು. ಒಂದು ದಿನಕ್ಕೆ ಒಬ್ಬಳು. ಆ ದಿನದ ಮಜ್ಜಿಗೆ ಕೆಟ್ಟರೆ ಅವಳೇ ಹೊಣೆ. ಹೆಪ್ಪು ಹಾಕುವಾಗ ಹಾಲನ್ನು ಬೇರೆ ಇಬ್ಬರು ಮುಟ್ಟಿ ನೋಡಿ, ಆರಿದೆ ಎನ್ನಬೇಕು. ಸಂಜೆ ಕೂತಾಗ ಮೊದಲ ಮಾತು ಆ ದಿನ ಲೋಟ ತೊಳೆದವಳದು, ಕೊನೆಯ ಮಾತು ವಯಸ್ಸಾದವರದು. ದೊಡ್ಡವ್ವನಿಗೆ ಕೊನೆಯ ತನಕ ಬಾಯಿ ಮುಚ್ಚಿಕೊಂಡು ಕೂರುವುದು ಮಗಳನ್ನು ಕಳೆದುಕೊಂಡ ವರ್ಷದಷ್ಟೇ ಕಷ್ಟವಾಯಿತು. ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದಳು.

ಸರದಿ ಎಂದ ಮೇಲೆ ಲೋಟ ತೊಳೆಯುವ ಸರದಿ ಅವಳಿಗೂ ಬಂತು. ಅರವಟ್ಟಿಗೆ ಇಟ್ಟ ಮೇಲೆ ಅವಳು ಆ ಕಲ್ಲಿನ ಹತ್ತಿರ ಕೂತದ್ದು ಅದೇ ಮೊದಲು. ಅಂದಿನ ಮಜ್ಜಿಗೆಯೂ ಅವಳದೇ, ಅವಳೇ ಹಾಕಿದ ಹೆಪ್ಪಿನದು. ಬಂದ ಲೋಟಗಳಲ್ಲಿ ಅರ್ಧಕ್ಕರ್ಧ ಮಜ್ಜಿಗೆ ಹಾಗೇ ಉಳಿದಿತ್ತು. ಅವಳ ಕೈಯಲ್ಲಿ ಮೊಸರು ಹುಳಿಯಾಗುತ್ತಿತ್ತು. ಮೊದಲಿನಿಂದಲೂ ಹಾಗೇ ಆಗುತ್ತಿತ್ತು. ಬಾಯಾರಿದವರು ಅರ್ಧ ಕುಡಿದು, ಕೈಮುಗಿದು, ಉಳಿದದ್ದನ್ನು ಬಿಟ್ಟು ಹೋಗುತ್ತಿದ್ದರು. ತೊಳೆಯುವವರು ಅದನ್ನು ಸದ್ದಿಲ್ಲದೆ ಪಕ್ಕಕ್ಕೆ ಚೆಲ್ಲುತ್ತಿದ್ದರು.

ದೊಡ್ಡವ್ವ ಮೊದಲ ಲೋಟವನ್ನು ಚೆಲ್ಲಲು ಕೈ ಎತ್ತಿದಳು. ಎದುರಿಗೆ ಕರಿಬೇವು ನಿಂತಿತ್ತು. ಅವಳು ಗಿಡವನ್ನು ನೋಡಿದಳು, ಲೋಟವನ್ನು ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಅಂದು ಸಂಜೆ ಮೊದಲ ಮಾತು ಅವಳದಾಗಿತ್ತು. “ನನ್ನ ಮಜ್ಜಿಗಿ ಹುಳಿ,” ಎಂದಳು. “ಇಷ್ಟು ವರ್ಷ ಕರಿಬೇವಿನ ಗಿಡಕ್ಕ ಗೊತ್ತಿತ್ತು, ನನಗ ಗೊತ್ತಿರಲಿಲ್ಲ.” ಹೆಪ್ಪು ಎಷ್ಟು ಹಾಕಬೇಕೆಂದು ಆ ಸೊಸೆ ಅವಳಿಗೆ ತೋರಿಸಿಕೊಟ್ಟಳು. ದೊಡ್ಡವ್ವ ತೀರಿಕೊಂಡ ಮರುದಿನವೂ ಬಯಲಿನಲ್ಲಿ ಮಜ್ಜಿಗೆ ಸಿಕ್ಕಿತು. ಅದರ ಮರುವರ್ಷವೂ ಸಿಕ್ಕಿತು. ಕರಿಬೇವು ಮಾತ್ರ ಸ್ವಲ್ಪ ಸೊರಗಿತು ಎನ್ನುತ್ತಾರೆ.

ಗುರುತಾಯಿ ಕತೆ ನಿಲ್ಲಿಸಿದರು.

ಸಾತವ್ವನಿಗೆ ಒಂದು ಸಂಶಯ ಉಳಿದಿತ್ತು. ಬೀಗದ ಕೈಗಳ ಗೊಂಚಲಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು: “ಹಾಗಾದರೆ, ತಾಯಿ, ಕೊನೆಗೆ ಆ ಅರವಟ್ಟಿಗೆಗೆ ಯಜಮಾನಿ ಯಾರು?”

“ಬಾಯಾರಿ ಬಂದವರು ಒಬ್ಬರೂ ಅದನ್ನು ಕೇಳಲಿಲ್ಲ, ಸಾತವ್ವ.”