ವೇಗದ ಮುಳ್ಳು ಮತ್ತು ಕುಂಕುಮದ ಬೊಟ್ಟು

ಆಯುಧಪೂಜೆಯ ದಿನ ಪೈಲಟ್ ವಿರೂಪಾಕ್ಷನ ತಾಯಿ ಅವನ ಪುಟ್ಟ ವಿಮಾನದ ವೇಗದ ಮೀಟರಿಗೆ ಗಂಧ ಹಚ್ಚಿ, ಗಾಜಿನ ಮೇಲೆ ಅಗಲವಾಗಿ ಕುಂಕುಮದ ಬೊಟ್ಟಿಟ್ಟರು. ಬೊಟ್ಟು ಕಡಿಮೆ ವೇಗ ತೋರುವ ಸಣ್ಣ ಅಂಕಿಗಳನ್ನು ಮುಚ್ಚಿ ಕೂತಿತು. ಮರುದಿನ ಮೇಲೆ ಹಾರುತ್ತಿದ್ದಷ್ಟು ಹೊತ್ತು ಮೀಟರಿನ ಮುಳ್ಳು ದೊಡ್ಡ ಅಂಕಿಗಳಲ್ಲೇ ಇದ್ದುದರಿಂದ ಏನೂ ತೊಂದರೆಯಾಗಲಿಲ್ಲ. ಇಳಿಯುವಾಗ ವೇಗ ಕುಗ್ಗಿತು. ಮುಳ್ಳು ಬೊಟ್ಟಿನ ಹಿಂದೆ ಮರೆಯಾಯಿತು.

"ಬೊಟ್ಟೇ, ದಾರಿ ಬಿಡು. ವೇಗ ತೀರಾ ಕಡಿಮೆಯಾಗಿದೆ, ಇನ್ನೂ ಕುಗ್ಗಿದರೆ ವಿಮಾನ ಬೀಳುತ್ತದೆ. ನಾನು ಅವನಿಗೆ ಕಾಣಲೇಬೇಕು," ಎಂದಿತು ಮುಳ್ಳು.

"ಇಟ್ಟ ಕಡೆ ಇರುವುದಷ್ಟೇ ನನ್ನಿಂದಾಗುವುದು. ಅವನೇ ಒರೆಸಬೇಕು," ಎಂದಿತು ಬೊಟ್ಟು.

ರನ್‌ವೇ ಇನ್ನೂ ದೂರವಿರುವಾಗಲೇ ವಿಮಾನ ಗಡಗಡ ನಡುಗಿತು. ವಿರೂಪಾಕ್ಷನ ಕೈ ಗಾಜಿನತ್ತ ಬಂತು.

"ಬಂತು! ಒರೆಸುತ್ತಾನೆ!" ಎಂದು ಮುಳ್ಳು ಕೂಗಿತು.

ಅವನು ಬೊಟ್ಟನ್ನು ಅಳಿಸದಂತೆ ಮೆಲ್ಲಗೆ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡ. ವಿಮಾನ ಕಲ್ಲಿನಂತೆ ಬಿತ್ತು. ಅವನು ಉಳಿಯಲಿಲ್ಲ.

ಮರುವರ್ಷ ಅವನ ತಮ್ಮನೂ ಪೈಲಟ್ ಆದ. ಆಯುಧಪೂಜೆಗೆ ಬಂದ ತಾಯಿ ಅವನ ವಿಮಾನದ ಹೊಸ ಮೀಟರಿನ ಮುಂದೆ ನಿಂತು ಕಣ್ಣೊರೆಸಿಕೊಂಡರು.

"ಹೋದ ಸಲ ಬೊಟ್ಟು ಚಿಕ್ಕದಾಯಿತು," ಎನ್ನುತ್ತಾ ಗಾಜಿನ ತುಂಬಾ ಕುಂಕುಮ ಬಳಿದರು.